ಶಿಫ್ಟ್-ಡಿಲೀಟ್ ಮಾಡಿದ ವರ್ಡ್ ಫೈಲ್ ವಾಪಸ್ ಬರುತ್ತದೆಯೇ?

ಡಿ ಡ್ರೈವಿನಲ್ಲಿ 'ನುಡಿ' ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದ ವರ್ಡ್ ಫೈಲ್ ರೀಸೈಕಲ್ ಬಿನ್‌ಗೂ ಹೋಗದೆ ಶಿಫ್ಟ್-ಡಿಲೀಟ್ ಆಗಿ ಹೋಯಿತು, ಯಾವ ಸಾಫ್ಟ್‌ವೇರ್ ಹಾಕಲಿ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ಕಂಪ್ಯೂಟರಿನ ಒಳಗಿರುವುದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕೋ, ಬರೀ ಚಿಪ್‌ಗಳ ಎಸ್‌ಎಸ್‌ಡಿಯೋ ನೋಡಿ. ಎಸ್‌ಎಸ್‌ಡಿ ಆಗಿದ್ದರೆ ಅಳಿಸಿದ ಜಾಗಕ್ಕೆ 'ಇದು ಇನ್ನು ಬೇಡ' ಎಂದು ತಿಳಿಸುವ ಟ್ರಿಮ್ ಆದೇಶವನ್ನು ವಿಂಡೋಸ್ ಕಳಿಸಿರುತ್ತದೆ. ಆಮೇಲೆ ಅಲ್ಲಿ ಓದಿದರೆ ಹೆಚ್ಚಾಗಿ ಬರೀ ಸೊನ್ನೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಡಿ. ಮೇಲ್, ವಾಟ್ಸ್ಆ್ಯಪ್‌ನಲ್ಲಿ ಯಾರಿಗಾದರೂ ಕಳಿಸಿದ್ದಿರಾ ಹುಡುಕಿ.

ಹಾರ್ಡ್ ಡಿಸ್ಕ್ ಆದರೆ ಆಸೆ ಇದೆ. ವಿಂಡೋಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಅಳಿಸುವುದೆಂದರೆ ಫೈಲಿನ ದಾಖಲೆಗೆ 'ಖಾಲಿ' ಎಂಬ ಗುರುತು ಬೀಳುವುದು, ಅಷ್ಟೇ. ಬೇರೇನಾದರೂ ಬಂದು ಕೂರುವವರೆಗೆ ಒಳಗಿನ ಬರಹ ಅಲ್ಲೇ ಇರುತ್ತದೆ. ಹಾಗಾಗಿ ಡಿ ಡ್ರೈವಿಗೆ ಏನನ್ನೂ ಕಾಪಿ ಮಾಡಬೇಡಿ, ರಿಕವರಿ ಸಾಫ್ಟ್‌ವೇರನ್ನಂತೂ ಅಲ್ಲಿಗೆ ಹಾಕಲೇಬೇಡಿ. ಚದುರಿದ ಫೈಲುಗಳನ್ನು ಸರಿಸಿ ಒಟ್ಟುಗೂಡಿಸಲು ವಿಂಡೋಸ್ ವಾರಕ್ಕೊಮ್ಮೆ ತಾನೇ ನಡೆಸುವ ಡಿಫ್ರಾಗನ್ನೂ ನಿಲ್ಲಿಸಿ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಇದ್ಯಾವುದೂ ಬೇಡ, ಕರೆಂಟ್ ತೆಗೆದು ರಿಕವರಿ ಲ್ಯಾಬಿಗೆ ಕೊಡಿ.

ಮೊದಲು ಮೈಕ್ರೋಸಾಫ್ಟ್‌ನದೇ ಉಚಿತ 'ವಿಂಡೋಸ್ ಫೈಲ್ ರಿಕವರಿ'ಯನ್ನು ರೆಗ್ಯುಲರ್ ಮೋಡ್‌ನಲ್ಲಿ ಓಡಿಸಿ. ವಿಂಡೋಸ್ 10ರ 2004ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು. ಸಿಕ್ಕಿದ್ದನ್ನು ಉಳಿಸಲು ಬೇರೆ ಡ್ರೈವ್ ಕೊಡಬೇಕು. ಪೆನ್ ಡ್ರೈವ್ ಸಾಕು. ಇದರಲ್ಲಿ ಸಿಕ್ಕರೆ ಹೆಸರಿನ ಸಮೇತ ಸಿಗುತ್ತದೆ.

ಸಿಗದಿದ್ದರೆ ಫೋಟೋರೆಕ್ ಎಂಬ ಇನ್ನೊಂದು ರಿಕವರಿ ಸಾಫ್ಟ್‌ವೇರ್. ಹೆಸರು ಫೋಟೋ ಎಂದಿದ್ದರೂ ವರ್ಡ್ ಫೈಲನ್ನೂ ಹುಡುಕುತ್ತದೆ. ಫೈಲಿನ ಪಟ್ಟಿಯನ್ನು ಬದಿಗಿಟ್ಟು, ಪ್ರತಿಯೊಂದು ಬಗೆಯ ಫೈಲ್ ಶುರುವಾಗುವ ಗುರುತನ್ನೇ ನೋಡಿಕೊಂಡು ಹೋಗುತ್ತದೆ. ಅದಕ್ಕೇ ಹಳೆಯ ಹೆಸರು ಉಳಿಯುವುದಿಲ್ಲ, ತುಂಡುತುಂಡಾಗಿ ಕೂತಿದ್ದ ಫೈಲ್ ಅರ್ಧವೇ ಬರಬಹುದು. ವರ್ಡ್‌ನ ಡಾಕ್ಸ್ (.docx) ಫೈಲ್ ನಿಜಕ್ಕೂ ಒಂದು ಜಿಪ್, ಅಂದರೆ ಹಲವು ಫೈಲುಗಳನ್ನು ಒತ್ತಿ ಕಟ್ಟಿದ ಗಂಟು. ಅದರ ಪರಿವಿಡಿ ಇರುವುದು ಕೊನೆಯಲ್ಲಿ. ಬಾಲ ತುಂಡಾದರೆ ವರ್ಡ್ ತೆರೆಯಲು ಒಪ್ಪುವುದಿಲ್ಲ. ಅದರ ಒಂದು ಪ್ರತಿ ಮಾಡಿ ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ (.docx) ತೆಗೆದು .zip ಎಂದು ಬದಲಿಸಿ, ಜಿಪ್ ತೆರೆಯುವ ವಿನ್‌ರಾರ್ ಸಾಫ್ಟ್‌ವೇರಿನ ರಿಪೇರ್ ಒತ್ತಿ ನೋಡಿ. ಒಳಗಿನ 'ವರ್ಡ್' ಫೋಲ್ಡರಿನಲ್ಲಿರುವ 'ಡಾಕ್ಯುಮೆಂಟ್' ಎಂಬ ಎಕ್ಸ್‌ಎಂಎಲ್ ಫೈಲ್ ಸಿಕ್ಕರೆ ಪುಟದ ಅಲಂಕಾರ ಹೋದರೂ ನಿಮ್ಮ ಬರಹ ಉಳಿಯಿತು.

ಹೆಸರಿಲ್ಲದ ನೂರಾರು ಫೈಲುಗಳಲ್ಲಿ ನಿಮ್ಮದನ್ನು ಗುರುತಿಸುವುದೇ ಕೊನೆಯ ತಲೆನೋವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುವ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಈಗ ಮೊಬೈಲ್, ಇಂಟರ್‌ನೆಟ್‌ನಲ್ಲಿ ಬಳಸುವ ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗದು. ಅಲ್ಲಿ 'ಕ' ಇಂಗ್ಲಿಷಿನ ದೊಡ್ಡ 'ಪಿ' ಅಕ್ಷರದಿಂದ ಶುರುವಾಗುತ್ತದೆ. ಕಳೆದ ಫೈಲಿನಲ್ಲಿ ಇದ್ದೇ ಇತ್ತು ಎನ್ನುವ ಒಂದು ಪದವನ್ನು ನಿಮ್ಮದೇ ಇನ್ನೊಂದು ಹಳೆಯ ನುಡಿ ಫೈಲಿನಿಂದ ಕಾಪಿ ಮಾಡಿ ಹುಡುಕುವ ಪೆಟ್ಟಿಗೆಗೆ ಪೇಸ್ಟ್ ಮಾಡಿ. ಕಾಣುವುದು ಕಲಸುಮೇಲೋಗರ, ಆದರೆ ಸಿಗುತ್ತದೆ.