ಆಟಿಸಂ ಇರೋ ಮಗು ಬೀಚಲ್ಲಿ ಮರಳು ತೋಡ್ತಾ ಇದ್ರೆ ಯಾಕೆ ಅಷ್ಟು ಸಮಾಧಾನ ಆಗತ್ತೆ?

ಮರಳಿನ ಭಾರ ಎತ್ತೋದು, ಎಳೆಯೋದು, ತಳ್ಳೋದು ಇದ್ಯಲ್ಲ, ಅದೇ ಕಾರಣ ಇರ್ಬಹುದು. ಸ್ನಾಯು, ಕೀಲುಗಳ ಮೇಲೆ ಒತ್ತಡ ಬಿದ್ದಾಗ ಕೈ ಎಲ್ಲಿದೆ, ಕಾಲು ಎಲ್ಲಿದೆ, ಎಷ್ಟು ಬಲ ಹಾಕ್ತಿದೀನಿ ಅನ್ನೋ ಮಾಹಿತಿ ಮೆದುಳಿಗೆ ಸ್ಪಷ್ಟವಾಗಿ ಹೋಗತ್ತೆ. ಆಟಿಸಂ, ಎಡಿಎಚ್‌ಡಿ (ಗಮನ ಒಂದ್ಕಡೆ ನಿಲ್ದೆ ಚಡಪಡಿಸೋ ಸ್ಥಿತಿ) ಇರೋ ಸುಮಾರು ಜನಕ್ಕೆ ಸದ್ದು, ಬೆಳಕು, ಬೇರೆಯವ್ರು ಮುಟ್ಟೋದು ಎಲ್ಲಾ ಒಟ್ಟಿಗೇ ನುಗ್ಗಿ ಬಂದಂಗಾಗತ್ತೆ, ಅಂಥ ಹೊತ್ತಲ್ಲಿ ತಮ್ಮ ಮೈಯಿಂದ್ಲೇ ಬರೋ ಈ ಒಂದೇ ಸಮನಾದ ಒತ್ತಡ ಹಿಡ್ಕೊಳ್ಳೋಕೆ ಕಂಬ ಸಿಕ್ಕಂಗೆ. ಸ್ವತಃ ಆಟಿಸಂ ಇರೋ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರಾಂಡಿನ್ 1960ರ ದಶಕದಲ್ಲೇ ಮೈಯನ್ನ ಎರಡೂ ಕಡೆಯಿಂದ ಒತ್ತೋ ಯಂತ್ರ ಮಾಡ್ಕೊಂಡಿದ್ದು ಇದಕ್ಕೇ.

ಕಾರವಾರದ ಟ್ಯಾಗೋರ್ ಬೀಚಿಗೆ ಹೋದ್ರೆ ನೀರಂಚಿನ ಒದ್ದೆ ಮರಳೇ ತೋಡಿಸಿ, ಅರ್ಧ ಬಕೆಟ್ ತುಂಬಿ ಎರಡೂ ಕೈಲಿ ಹೊತ್ಕೊಂಡು ಹೋಗಿ ಸುರೀಲಿ, ಒಣ ಮರಳು ಹಗುರ, ಬೆರಳ ಸಂದಿಲಿ ಕಿರಿಕಿರಿ ಬೇರೆ. ಭಾನುವಾರ ಸಂಜೆ ಮಾತ್ರ ಬೇಡ ಮಾರಾಯ್ರೆ, ಗಲಾಟೆ. ಶಿರಸಿ ಕಡೆ ಜಗಲಿ ಜೋಕಾಲಿನೂ ಆಗತ್ತೆ, ಆದ್ರೆ ನಿಧಾನಕ್ಕೆ ಹಿಂದೆ ಮುಂದೆ ತೂಗ್ಬೇಕು, ಗಿರಗಿರ ತಿರುಗಿಸಿದ್ರೆ ಸುಮಾರು ಮಕ್ಕಳು ಇನ್ನೂ ಕೆರಳ್ತಾರೆ. ದೊಡ್ಡವರಿಗೆ ಈಜು, ಬಾವಿ ನೀರು ಸೇದೋದು. ಕಿವಿ ಮುಚ್ಕೊಂಡ್ರೆ, ಕೊಸರಾಡಿದ್ರೆ ಅಲ್ಲಿಗೇ ನಿಲ್ಲಿಸಿ.