ತಂತ್ರಜ್ಞಾನ ಪ್ರಶ್ನೋತ್ತರ: ಕ್ಯಾಶ್ ಇದ್ದರೂ ಡೇಟಾಬೇಸ್ ಏಕೆ ಬಳಲುತ್ತದೆ?

ಪ್ರಶ್ನೆ: ಪುಸ್ತಕ ಮಾರುವ ನಮ್ಮ ಜಾಲತಾಣ ಕ್ಲೌಡ್‌ನಲ್ಲಿದೆ. ರೆಡಿಸ್ ಕ್ಯಾಶ್ (ಪದೇ ಪದೇ ಬೇಕಾಗುವ ಮಾಹಿತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ) ಹಾಕಿ, ಎಲ್ಲ ಕೀಗಳಿಗೂ (ಅಲ್ಲಿನ ಮಾಹಿತಿಯನ್ನು ಗುರುತಿಸುವ ಹೆಸರುಗಳು) 600 ಸೆಕೆಂಡ್ ಅವಧಿ ಕೊಟ್ಟಿದ್ದೇವೆ. ಆದರೂ ಹತ್ತು ನಿಮಿಷಕ್ಕೊಮ್ಮೆ ಡೇಟಾಬೇಸ್ ಸಿಪಿಯು ನೂರಕ್ಕೆ ಮುಟ್ಟುತ್ತದೆ. ದೊಡ್ಡ ಸರ್ವರ್ ಕೊಳ್ಳಬೇಕೇ?

ಉತ್ತರ: ಬೇಡ, ದುಡ್ಡು ದಂಡ. ಒಟ್ಟಿಗೆ ತುಂಬಿದ ಕೀಗಳ ಅವಧಿ ಒಟ್ಟಿಗೇ ಮುಗಿಯುತ್ತಿದೆ. ಆ ಗಳಿಗೆಯಲ್ಲಿ ಮುಖಪುಟಕ್ಕೆ 200 ರಿಕ್ವೆಸ್ಟ್ ಬಂದವು ಎನ್ನಿ. ಕ್ಯಾಶ್ ಖಾಲಿ ಇರುವುದರಿಂದ ಇನ್ನೂರೂ ಅದೇ ಭಾರಿ ಕ್ವೆರಿಯನ್ನು (ಮಾಹಿತಿಯ ಕೋರಿಕೆ) ಡೇಟಾಬೇಸಿಗೆ ಕಳಿಸುತ್ತವೆ.

ಮೊದಲು 600ಕ್ಕೆ 0ಯಿಂದ 120ರೊಳಗಿನ ಒಂದು ರ‍್ಯಾಂಡಮ್ ಸಂಖ್ಯೆ ಕೂಡಿಸಿ, ಕೀಗಳ ಅವಧಿ ಚದುರುತ್ತದೆ. ಆದರೆ ಎಲ್ಲರೂ ಕೇಳುವ ಮುಖಪುಟದ ಒಂದೇ ಕೀಗೆ ಇದರಿಂದ ಉಪಯೋಗವಿಲ್ಲ, ಅಲ್ಲಿ ಲಾಕ್, ಅಂದರೆ ಒಮ್ಮೆಗೆ ಒಂದೇ ರಿಕ್ವೆಸ್ಟಿಗೆ ದಾರಿ ಬಿಡುವ ಬೀಗ, ಬೇಕೇ ಬೇಕು. ‘ಸೆಟ್’ ಕಮಾಂಡಿಗೆ ‘ಎನ್‌ಎಕ್ಸ್’ ಮತ್ತು ‘ಇಎಕ್ಸ್ 10’ ಸೇರಿಸಿ. ಮೊದಲನೆಯದು ಆ ಕೀ ಇಲ್ಲದಿದ್ದರೆ ಮಾತ್ರ ಬರೆಯುತ್ತದೆ, ಎರಡನೆಯದು ಅದನ್ನು 10 ಸೆಕೆಂಡಿನಲ್ಲಿ ಅಳಿಸುತ್ತದೆ. ಲಾಕ್ ಸಿಕ್ಕ ರಿಕ್ವೆಸ್ಟ್ ಮಾತ್ರ ಡೇಟಾಬೇಸಿಗೆ ಹೋಗಲಿ. ಉಳಿದವು 50 ಮಿಲಿಸೆಕೆಂಡ್ ಕಾದು ಮತ್ತೆ ಕ್ಯಾಶ್ ನೋಡಲಿ. ‘ಇಎಕ್ಸ್’ ಬಿಟ್ಟುಹೋದರೆ, ಲಾಕ್ ಹಿಡಿದ ಪ್ರೊಸೆಸ್ ನಡುವೆ ಕ್ರ್ಯಾಶ್ ಆದಾಗ ಅದನ್ನು ಬಿಡಿಸುವವರೇ ಇರುವುದಿಲ್ಲ. ಆ 10 ಸೆಕೆಂಡ್ ನಿಮ್ಮ ಅತಿ ನಿಧಾನದ ಕ್ವೆರಿಗಿಂತ ಹೆಚ್ಚಿರಬೇಕು.

ಪುಸ್ತಕದ ಬೆಲೆ ಬದಲಿಸುವಾಗಲೂ ಎಚ್ಚರ. ಡೇಟಾಬೇಸ್ ಕಮಿಟ್ ಆದ (ಬದಲಾವಣೆ ಖಾಯಂ ಆದ) ಮೇಲೆ ಕ್ಯಾಶ್‌ನ ಕೀ ಅಳಿಸಿಬಿಡಿ, ಹೊಸ ಬೆಲೆಯನ್ನು ಅಲ್ಲಿ ನೇರ ಬರೆಯಬೇಡಿ. ಇಬ್ಬರು ಒಮ್ಮೆಗೇ ಬೆಲೆ ತಿದ್ದಿದರೆ, ಹಿಂದಿನವರ ಬರಹ ತಡವಾಗಿ ತಲುಪಿ ಹಳೆಯ ಬೆಲೆಯೇ ಉಳಿಯಬಹುದು. ಗ್ರಾಹಕರಿಗೆ ತಪ್ಪು ಬೆಲೆ ತೋರಿಸುವುದಕ್ಕಿಂತ ಒಂದು ಕ್ವೆರಿ ಹೆಚ್ಚಾದರೂ ಪರವಾಗಿಲ್ಲ.

ಪ್ರಶ್ನೆ: 4 ಜಿಬಿ ವರ್ಚುವಲ್ ಮಷೀನ್‌ನಲ್ಲಿ ನಾವೇ ರೆಡಿಸ್ ಹಾಕಿ, 3.5 ಜಿಬಿ ಮಿತಿ ಕೊಟ್ಟಿದ್ದೇವೆ. ಓದಲು ತೊಂದರೆಯಿಲ್ಲ, ಬರೆಯಲು ಹೋದರೆ ‘ಓಓಎಂ’ (ಮೆಮೊರಿ ಸಾಲದು) ಎರರ್. ಏಕೆ?

ಉತ್ತರ: ‘ಮ್ಯಾಕ್ಸ್‌ಮೆಮೊರಿ-ಪಾಲಿಸಿ’ (ಮೆಮೊರಿ ತುಂಬಿದಾಗ ಏನು ಮಾಡಬೇಕೆಂಬ ಸೆಟ್ಟಿಂಗ್) ಡಿಫಾಲ್ಟ್ ಆಗಿ ‘ನೋಎವಿಕ್ಷನ್’ ಇರುತ್ತದೆ. ಮಿತಿ ಮುಟ್ಟಿದರೆ ಹಳೆಯದನ್ನು ತೆಗೆಯದೆ ಹೊಸದನ್ನು ನಿರಾಕರಿಸುತ್ತದೆ. ‘ಆಲ್‌ಕೀಸ್-ಎಲ್‌ಆರ್‌ಯು’ (ಬಹುಕಾಲ ಬಳಸದ ಕೀಯನ್ನು ಮೊದಲು ತೆಗೆಯುವ ಪಾಲಿಸಿ) ಮಾಡಿ. ಕಾನ್ಫಿಗ್ ಫೈಲಿನಲ್ಲೂ ಬರೆಯದಿದ್ದರೆ ರೀಸ್ಟಾರ್ಟ್ ಆದಾಗ ಹಳೆಯ ಪಾಲಿಸಿಯೇ ಮರಳುತ್ತದೆ. ಲಾಗಿನ್ ಸೆಷನ್‌ಗಳು ಇದೇ ರೆಡಿಸ್‌ನಲ್ಲಿದ್ದರೆ ಮೊದಲು ಬೇರೆ ಕಡೆ ಸಾಗಿಸಿ. ಇಲ್ಲವಾದರೆ ಜಾಗ ಸಾಲದಾದಾಗ ಅವೂ ಅಳಿದು, ಬಳಕೆದಾರರು ತಾವಾಗಿಯೇ ಲಾಗೌಟ್ ಆಗುತ್ತಾರೆ.

ಮಿತಿಯನ್ನು 3 ಜಿಬಿಗಿಂತ ಕೆಳಗಿಳಿಸಿ. ಸ್ನ್ಯಾಪ್‌ಶಾಟ್ (ಮಾಹಿತಿಯನ್ನು ಡಿಸ್ಕಿಗೆ ಉಳಿಸುವ ನಕಲು) ತೆಗೆಯುವಾಗ ರೆಡಿಸ್ ಫೋರ್ಕ್ ಆಗುತ್ತದೆ, ಅಂದರೆ ತನ್ನದೇ ಇನ್ನೊಂದು ಪ್ರೊಸೆಸ್ ಹುಟ್ಟಿಸುತ್ತದೆ. ಆ ಹೊತ್ತಿನಲ್ಲಿ ಬದಲಾಗುವ ಪ್ರತಿ ಮೆಮೊರಿ ಪುಟಕ್ಕೂ ಇನ್ನೊಂದು ಪ್ರತಿ ಬೇಕು. ಕ್ಯಾಶ್‌ಗೆ ಮಾತ್ರ ಬಳಸುವುದಾದರೆ ಸ್ನ್ಯಾಪ್‌ಶಾಟನ್ನೇ ನಿಲ್ಲಿಸಬಹುದು. ಬಳಿಕ ‘ಇನ್ಫೋ ಸ್ಟ್ಯಾಟ್ಸ್’ನಲ್ಲಿ ‘ಎವಿಕ್ಟೆಡ್ ಕೀಸ್’ (ಜಾಗಕ್ಕಾಗಿ ತೆಗೆದ ಕೀಗಳ ಸಂಖ್ಯೆ) ಗಮನಿಸುತ್ತಿರಿ. ಅದು ವೇಗವಾಗಿ ಏರುತ್ತಾ ‘ಕೀಸ್ಪೇಸ್ ಮಿಸಸ್’ (ಹುಡುಕಿದಾಗ ಕೀ ಸಿಗದ ಸಲಗಳು) ಕೂಡ ಹೆಚ್ಚುತ್ತಿದ್ದರೆ, ಆಗ ರ‍್ಯಾಮ್ ಹೆಚ್ಚಿಸಿ.