ಓದುಗರ ಪ್ರಶ್ನೆ: ಕೀಯಲ್ಲಿ ಚಿಪ್ ಇಲ್ಲದ ಕಾರು

ಪ್ರಶ್ನೆ: ಅಮೆರಿಕದ ಮಿಲ್ವಾಕೀಯಲ್ಲಿ ಓದುತ್ತಿರುವ ನಮ್ಮ ಮಗ 2018ರ ಕಿಯಾ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಬೇಕೆಂದಿದ್ದಾನೆ. ಟಿಕ್‌ಟಾಕ್ ನೋಡಿ ಹುಡುಗರು ಕದಿಯುವುದು ಇಂಥ ಕಾರುಗಳನ್ನೇ ಅಂತೆ. ಕೊಳ್ಳಬಹುದೇ? ಬೆಂಗಳೂರಿನ ನಮ್ಮ ಹುಂಡೈಗೂ ಈ ಭಯ ಇದೆಯೇ?

ಉತ್ತರ: ಕೊಳ್ಳಬಹುದು, ಆದರೆ ಮೊದಲು ಸ್ಟಾರ್ಟ್ ಮಾಡುವ ಬಗೆ ನೋಡಲಿ. ಬಟನ್ ಒತ್ತುವ ಕಾರಾದರೆ ಈ ತೊಂದರೆಯಿಲ್ಲ. ಕೀ ತಿರುಗಿಸುವ ಕಾರಾದರೆ ಎಚ್ಚರ. ಅಮೆರಿಕದಲ್ಲಿ ಮಾರಿದ 2011–2021ರ ಹಲವು ಕಿಯಾ, ಹುಂಡೈ ಮಾದರಿಗಳಲ್ಲಿ ಇಮೊಬಿಲೈಸರನ್ನೇ ಹಾಕಿರಲಿಲ್ಲ. ಇಮೊಬಿಲೈಸರ್ ಇದ್ದರೆ ಕೀಯೊಳಗಿನ ಚಿಪ್‌ನ ಗುರುತು ಸಿಗದೆ ಎಂಜಿನ್ ಹತ್ತುವುದಿಲ್ಲ. ಕೆನಡಾ 2007ರಲ್ಲೇ ಅದನ್ನು ಕಡ್ಡಾಯ ಮಾಡಿತು. ಅದೇ ಕಂಪನಿಗಳ ಕಾರುಗಳಿಗೆ ಅಲ್ಲಿ ಈ ಗತಿ ಬರಲಿಲ್ಲ. ಕಂಪನಿ ಹಾಕದೆ ಬಿಟ್ಟ ಒಂದು ಬಿಡಿಭಾಗಕ್ಕೆ ಬೆಲೆ ತೆತ್ತವರು ಕಾರಿನ ಒಡೆಯರು. ಕದ್ದ ಕಾರು ಓಡಿಸಿ ಸತ್ತ ಹದಿಹರೆಯದ ಮಕ್ಕಳೂ ಇದ್ದಾರೆ.

ಪಿಡುಗು ಮೊದಲು ಕಾಣಿಸಿಕೊಂಡದ್ದು ಮಿಲ್ವಾಕೀಯಲ್ಲೇ. 2022ರಲ್ಲಿ ವಿಡಿಯೊಗಳ ಮೂಲಕ ದೇಶವೆಲ್ಲ ಹಬ್ಬಿತು. 2023ರ ಫೆಬ್ರುವರಿಯಲ್ಲಿ ಕಂಪನಿಗಳು ಸುಮಾರು 83 ಲಕ್ಷ ಕಾರುಗಳಿಗೆ ಉಚಿತ ಸಾಫ್ಟ್‌ವೇರ್ ಘೋಷಿಸಿದವು. ಅಲಾರಂ 30 ಸೆಕೆಂಡಿನ ಬದಲು ಒಂದು ನಿಮಿಷ ಕೂಗುತ್ತದೆ. ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಕಾರಿನ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ (ವಿಐಎನ್) ಕೊಟ್ಟು, ಈ ಅಪ್‌ಡೇಟ್ ಆಗಿದೆಯೇ ಎಂದು ಡೀಲರ್ ಬಳಿ ಕೇಳಲಿ.

ಬಹಳ ಜನ ಎಡವುವುದು ಇಲ್ಲಿ: ರಿಮೋಟ್‌ನಿಂದ ಲಾಕ್ ಮಾಡಿದರೆ ಮಾತ್ರ ಈ ಕಾವಲು ಜಾಗೃತವಾಗುತ್ತದೆ. ಒಳಗಿನ ಗುಂಡಿ ಒತ್ತಿ ಬಾಗಿಲು ಹಾಕಿದರೆ ಅಪ್‌ಡೇಟ್ ಇದ್ದೂ ಇಲ್ಲದಂತೆ. ತೆರೆಯುವಾಗಲೂ ರಿಮೋಟನ್ನೇ ಬಳಸಬೇಕು, ಆದ್ದರಿಂದ ಅದರ ಬ್ಯಾಟರಿ ಸೊರಗಲು ಬಿಡಬಾರದು. ಕಂಪನಿಯ ಅಲಾರಂ ಇಲ್ಲದ ಮಾದರಿಗಳಿಗೆ ಈ ಸಾಫ್ಟ್‌ವೇರ್ ಒಗ್ಗುವುದಿಲ್ಲ. ಅವಕ್ಕೆ ಸ್ಟಿಯರಿಂಗ್ ಲಾಕ್ ಬೇಕೇ ಬೇಕು.

ಅಪ್‌ಡೇಟ್ ಇದ್ದರೂ ಕೆಂಪೋ ಹಳದಿಯೋ ಬಣ್ಣದ, ಹೊರಗಿನಿಂದಲೇ ಕಾಣುವ ಸ್ಟಿಯರಿಂಗ್ ಲಾಕ್ ಹಾಕಲಿ, ಕಿಟಕಿಗೆ ಕಳವು ತಡೆ ಇದೆ ಎಂಬ ಸ್ಟಿಕ್ಕರ್ ಅಂಟಿಸಲಿ. ಕಳ್ಳ ಮೊದಲು ಒಡೆಯುವುದು ಗಾಜನ್ನು, ಕಾರು ಹತ್ತುವುದಿಲ್ಲವೆಂದು ತಿಳಿಯುವುದು ಆಮೇಲೆ. ಇನ್ಶೂರೆನ್ಸ್ ದರವನ್ನು ಕೊಳ್ಳುವ ಮುನ್ನವೇ ವಿಚಾರಿಸಲಿ. ಕಳವಿಗೆ ಪರಿಹಾರ ಸಿಗುವುದು ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ. ಬೇರೆಯವರಿಗಾದ ನಷ್ಟವನ್ನಷ್ಟೇ ತುಂಬುವ ಬರೀ ಲಯಬಿಲಿಟಿಯಲ್ಲಿ ಸಿಗದು.

ನಿಮ್ಮ ಬೆಂಗಳೂರಿನ ಕಾರು ಆ ಅಮೆರಿಕದ ಪಟ್ಟಿಗೆ ಸೇರಿದ್ದಲ್ಲ. ಆದರೂ ಮ್ಯಾನುಯಲ್‌ನಲ್ಲಿ ಇಮೊಬಿಲೈಸರ್ ಪುಟ ಇದೆಯೇ ನೋಡಿಕೊಳ್ಳಿ. ಬೀದಿಬದಿ ಕೊರೆಸಿದ, ಚಿಪ್ ಇಲ್ಲದ ಡೂಪ್ಲಿಕೇಟ್ ಕೀ ಬಾಗಿಲು ತೆರೆದು, ಎಂಜಿನ್ ಮಾತ್ರ ಸ್ಟಾರ್ಟ್ ಆಗದಿದ್ದರೆ ನಿಮ್ಮ ಕಾರಿನಲ್ಲಿ ಇಮೊಬಿಲೈಸರ್ ಕೆಲಸ ಮಾಡುತ್ತಿದೆ.